ಪೂಲ್ ಪಂದ್ಯಗಳ ವಿಡಿಯೊ ಉಳಿಯಲಿ

ಮಾನ್ಯರೇ,

ಅಮೆರಿಕದಲ್ಲಿ ದೊಡ್ಡ ಮೊತ್ತದ ಪಣವಿಟ್ಟು ದಿನಗಟ್ಟಲೆ ಆಡುವ ಪೂಲ್ (ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆದು ಕುಳಿಗೆ ಬೀಳಿಸುವ ಆಟ) ಪಂದ್ಯಗಳನ್ನು ನೇರಪ್ರಸಾರ ಮಾಡುತ್ತಿದ್ದ ‘ದಿ ಆ್ಯಕ್ಷನ್ ರಿಪೋರ್ಟ್’ ಸ್ಟುಡಿಯೊ ಮುಚ್ಚಿದ್ದು ಈ ಆಟಕ್ಕೆ ನಿಜವಾದ ನಷ್ಟ. ಟೂರ್ನಿಗಳಲ್ಲಿ ಒಂಬತ್ತೋ ಹನ್ನೊಂದೋ ರ‍್ಯಾಕ್ (ಚೆಂಡುಗಳನ್ನು ಜೋಡಿಸಿ ಆಡುವ ಒಂದು ಸುತ್ತು) ಗೆದ್ದರೆ ಪಂದ್ಯ ಮುಗಿಯುತ್ತದೆ. ಒಂದೆರಡು ಚೆಂಡು ಸುಮ್ನೆ ಅದೃಷ್ಟದಿಂದ ಬಿದ್ದರೂ ಫಲಿತಾಂಶ ಬದಲಾಗಬಹುದು. ದಿನಗಟ್ಟಲೆ ನಡೆಯುವ ಪಂದ್ಯದಲ್ಲಿ ಹಾಗಾಗುವುದು ಕಷ್ಟ. 1996ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಫಿಲಿಪ್ಪೀನ್ಸ್ ಆಟಗಾರ ಎಫ್ರೆನ್ ರೆಯೆಸ್ ಮತ್ತು ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಒಂದು ಲಕ್ಷ ಡಾಲರ್‌ಗಾಗಿ ಮೂರು ದಿನ ಆಡಿದರು. ಬಹಳ ಹಿಂದೆ ಬಿದ್ದಿದ್ದ ರೆಯೆಸ್ ಕೊನೆಗೆ 120–117ರಿಂದ ಗೆದ್ದರು! ಸುಸ್ತು, ಸಿಟ್ಟು, ಚೇತರಿಕೆ ಎಲ್ಲವೂ ಕಾಣುವುದು ಇಂಥ ಆಟದಲ್ಲೇ ಅಲ್ವಾ?

ಪಣದ ಹಣ ಹಲವರಿಗೆ ಇಷ್ಟವಾಗದಿರಬಹುದು, ಅದು ಸರಿಯೇ. ಆದರೆ ಕಲಿಯುವ ಹುಡುಗರಿಗೆ ಬೇಕಿರುವುದು ಆಟ. ನೋಡುಗರು ಕೊಡುವ ಶುಲ್ಕವನ್ನೇ ನಂಬಿದ ಸಣ್ಣ ಸ್ಟುಡಿಯೊಗಳು ಜಾಸ್ತಿ ದಿನ ಬಾಳುವುದು ಕಷ್ಟ. ಅವು ಮುಚ್ಚಿದಾಗ ವಿಡಿಯೊಗಳೂ ಕಳೆದುಹೋಗಬಾರದು. ಪೂಲ್‌ನ ವಿಶ್ವ ಸಂಸ್ಥೆಯು ಮಾಲೀಕರಿಗೆ ತಕ್ಕ ಹಣ ಕೊಟ್ಟು ಇಂಥ ಪಂದ್ಯಗಳ ವಿಡಿಯೊಗಳನ್ನು ಪಡೆದು, ಎಲ್ಲ ದೇಶದ ಆಟಗಾರರೂ ಉಚಿತವಾಗಿ ನೋಡುವಂತೆ ಒಂದೇ ಕಡೆ ಇಡಲಿ.

– ಪೂಲ್ ಪ್ರೇಮಿ, ಬೆಂಗಳೂರು