ಪಾಸ್‌ಪೋರ್ಟ್ ಬಂದಿದೆ, ಇವರೆಲ್ಲರ ಋಣದಿಂದ

ನನ್ನ ಹೆಸರಿನಲ್ಲಿ ಭಾರತದ ಪಾಸ್‌ಪೋರ್ಟ್ ಬಂದಿದೆ. ಸುದ್ದಿ ಕೇಳಿ ಫೋನ್ ಮಾಡಿದವರಲ್ಲಿ ಅರ್ಧ ಜನ ಅಭಿನಂದನೆ ಹೇಳಿದರು. ಇನ್ನರ್ಧ ಜನ, "ಇಷ್ಟು ವರ್ಷ ಇರಲಿಲ್ಲವೇ? ನೀನು ಇಲ್ಲಿಯವಳೇ ಅಲ್ಲವೇನಮ್ಮ?" ಎಂದು ಬೆರಗಾದರು. ಬೆರಗಾದವರಿಗೆ ಮೊದಲು ಉತ್ತರ ಕೊಡುತ್ತೇನೆ. ಅದು ಗೊತ್ತಾಗದೆ ನಾನು ಯಾರಿಗೆ, ಯಾಕೆ ಕೈ ಮುಗಿಯುತ್ತಿದ್ದೇನೆ ಎಂಬುದು ತಿಳಿಯುವುದಿಲ್ಲ.

ಅಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ರೈತರ ಮನೆಯ ಮಗಳು. ಅಪ್ಪ 1964ರಲ್ಲಿ ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿನಲ್ಲಿ ಹುಟ್ಟಿದವರು. ನಾನು ಹುಟ್ಟಿದ್ದು 1991ರಲ್ಲಿ, ಕುಶಾಲನಗರದಲ್ಲಿ. ಓದಿದ್ದು ಕನ್ನಡ ಮಾಧ್ಯಮದಲ್ಲಿ. ಆದರೂ ಹೈಸ್ಕೂಲು ಮುಗಿದ ಮೇಲೆ, ಅಪ್ಪನ ಮಗಳು ಎಂಬ ಲೆಕ್ಕದಲ್ಲಿ, ಟಿಬೆಟಿಯನ್ನರಿಗೆ ಕೊಡುವ ನೋಂದಣಿ ಪತ್ರ ನನ್ನ ಕೈಗೂ ಬಂತು. ಕ್ಯಾಂಪಿನಲ್ಲಿ ಅದನ್ನು ಆರ್‌ಸಿ ಎನ್ನುತ್ತಾರೆ. ಆರ್‌ಸಿ ಇದ್ದವರು ಸರ್ಕಾರದ ಕಡತದಲ್ಲಿ ವಿದೇಶಿಯರು. ಅವಧಿ ಮುಗಿದಾಗಲೆಲ್ಲ ಅದನ್ನು ನವೀಕರಿಸಬೇಕು. ಹೊರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟ್ ಬದಲು ಗುರುತಿನ ಪುಸ್ತಿಕೆ. ಜೊತೆಗೆ, ವಾಪಸು ಬರಲು ಅಡ್ಡಿಯಿಲ್ಲ ಎಂದು ಹೊರಡುವ ಮೊದಲೇ ಬರೆಸಿಕೊಂಡ ಅನುಮತಿ. ನಮ್ಮೂರಿಗೆ ನಾವು ಮರಳುವುದಕ್ಕೆ ವೀಸಾ! ನರ್ಸಿಂಗ್ ಮುಗಿಸಿ ವಿದೇಶದ ಕೆಲಸಕ್ಕೆ ಅರ್ಜಿ ಹಾಕಿದಾಗ ನಾನು ಸಿಕ್ಕಿಬಿದ್ದದ್ದು ಇಲ್ಲಿಯೇ.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಟಿಬೆಟಿಯನ್ನರಿಗೆ ನೆಲ, ಶಾಲೆ, ಆಸ್ಪತ್ರೆ ಸಿಕ್ಕಿದ್ದು ಸರ್ಕಾರದ ತೀರ್ಮಾನಗಳಿಂದ. ಕಾನೂನಿನ ಕಣ್ಣಿನಲ್ಲಿ ಮಾತ್ರ ಅವರು 1946ರ ವಿದೇಶಿಯರ ಕಾಯ್ದೆಯ ಕೆಳಗೇ ಉಳಿದರು. (ಆ ಕಾಯ್ದೆ ಹೋಗಿ 2025ರಲ್ಲಿ ಹೊಸದು ಬಂದಿದೆ.) ಆದರೆ 1955ರ ಪೌರತ್ವ ಕಾಯ್ದೆ ಬೇರೆಯೇ ಮಾತನ್ನು ಹೇಳುತ್ತದೆ. 1950ರ ಜನವರಿ 26ರಿಂದ 1987ರ ಜೂನ್ ಕೊನೆಯವರೆಗೆ ಈ ನೆಲದಲ್ಲಿ ಹುಟ್ಟಿದವರು, ಹೆತ್ತವರು ಎಲ್ಲಿಂದ ಬಂದವರೇ ಆಗಿರಲಿ, ಹುಟ್ಟಿನಿಂದಲೇ ಪ್ರಜೆಗಳು. ಅಲ್ಲಿಂದ 2004ರ ಡಿಸೆಂಬರ್ 3ರ ಮೊದಲು ಹುಟ್ಟಿದವರಿಗೆ ಹೆತ್ತವರಲ್ಲಿ ಒಬ್ಬರಾದರೂ ಪ್ರಜೆಯಾಗಿದ್ದರೆ ಸಾಕು. ಅಂದರೆ ಅಮ್ಮನ ಲೆಕ್ಕದಲ್ಲಿ ನಾನು ಭಾರತೀಯಳು. ಸರಿಯಾಗಿ ನೋಡಿದರೆ, 1964ರಲ್ಲಿ ಹುಟ್ಟಿದ ಅಪ್ಪನ ಲೆಕ್ಕದಲ್ಲಿಯೂ ಹೌದು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! "ಆರ್‌ಸಿ ತೆಗೆದುಕೊಂಡಿದ್ದೀರಿ, ಅಂದರೆ ವಿದೇಶಿ ಎಂದು ನೀವೇ ಒಪ್ಪಿಕೊಂಡಿದ್ದೀರಿ" ಎಂದು ಒಂದು ಕಚೇರಿಯಲ್ಲಿ ಅರ್ಜಿಯನ್ನು ನನ್ನತ್ತ ತಳ್ಳಿದರು.

ಹಾಗಾಗಿ ನನ್ನ ಮೊದಲ ನಮಸ್ಕಾರ ನಾನು ಮುಖ ನೋಡದವರಿಗೆ. ಹಿಮಾಚಲದಲ್ಲಿ 1986ರಲ್ಲಿ ಹುಟ್ಟಿದ ನಮ್‌ಗ್ಯಾಲ್ ಡೋಲ್ಕರ್ ಅವರಿಗೂ ಪಾಸ್‌ಪೋರ್ಟ್ ನಿರಾಕರಿಸಲಾಗಿತ್ತು. ಅವರು ದೆಹಲಿ ಹೈಕೋರ್ಟಿಗೆ ಹೋದರು. 2010ರ ಡಿಸೆಂಬರಿನಲ್ಲಿ ಬಂದ ತೀರ್ಪು, ಹುಟ್ಟಿನಿಂದ ಬಂದ ಪೌರತ್ವ ಆರ್‌ಸಿ ತೆಗೆದುಕೊಂಡ ಮಾತ್ರಕ್ಕೆ ಅಳಿಸಿಹೋಗುವುದಿಲ್ಲ ಎಂದಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಟಿಬೆಟಿಯನ್ ಗುರುವೊಬ್ಬರ ಅರ್ಜಿಯಲ್ಲಿ ಅದೇ ದಾರಿ ಹಿಡಿಯಿತು. 2016ರಲ್ಲಿ ದೆಹಲಿಯಲ್ಲಿ ಮತ್ತೊಂದು ತೀರ್ಪು ಬಂತು. 2017ರಲ್ಲಿ ಪಾಸ್‌ಪೋರ್ಟ್ ಕಚೇರಿಗಳಿಗೆ ಸುತ್ತೋಲೆ ಹೋಯಿತು. ಅವರದು 1987ಕ್ಕೆ ಮೊದಲಿನವರ ಪ್ರಕರಣ, ನನ್ನದು ನಂತರದ್ದು. ಆದರೂ ನನ್ನ ವಕೀಲರು ಆ ತೀರ್ಪುಗಳ ಪ್ರತಿಯನ್ನು ಅರ್ಜಿಗೆ ಪಿನ್ ಹಾಕಿ ಕೊಟ್ಟ ಮೇಲೆ "ನೀವೇ ಒಪ್ಪಿಕೊಂಡಿದ್ದೀರಿ" ಎಂಬ ಮಾತು ಮತ್ತೆ ಕೇಳಿಬರಲಿಲ್ಲ.

ಆ ವಕೀಲರು ಶುಲ್ಕದ ಮಾತೆತ್ತಿದಾಗಲೆಲ್ಲ "ಕೆಲಸ ಆಗಲಿ" ಎನ್ನುತ್ತಿದ್ದರು. ಕೆಲಸವಾಗಿದೆ ಮೇಡಂ, ದಯವಿಟ್ಟು ಈಗಲಾದರೂ ಹೇಳಿ.

ಜನನ ನೋಂದಣಿಯ ಹಳೆಯ ಪುಸ್ತಕಗಳನ್ನು ನೋಡಿಕೊಳ್ಳುವ ನೌಕರರನ್ನು ಹೇಗೆ ನೆನೆಯಲಿ? 1991ರ ಪುಸ್ತಕಕ್ಕೆ ಯಾವುದೋ ಮಳೆಗಾಲದ ನೀರು ಕುಡಿದು ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಅವರು ಅದನ್ನು ಕಿಟಕಿಯ ಬಿಸಿಲಿಗೆ ಇಟ್ಟು, ಅಡಿಪಟ್ಟಿಯನ್ನು ಹಾಳೆಗಳ ನಡುವೆ ತೂರಿಸುತ್ತಾ, ಒಂದೂ ಹರಿಯದಂತೆ ಬಿಡಿಸಿದರು. ನನ್ನ ಸಾಲು ಸಿಕ್ಕಿತು. ಅಪ್ಪನ ಹೆಸರು ಅಲ್ಲಿ ಒಂದು ಬಗೆ, ನನ್ನ ಶಾಲಾ ದಾಖಲೆಯಲ್ಲಿ ಇನ್ನೊಂದು ಬಗೆ, ಆರ್‌ಸಿಯಲ್ಲಿ ಮಗದೊಂದು ಬಗೆ. ಬರೆದುಕೊಂಡ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದರು, ತಪ್ಪೇನಿಲ್ಲ. "ಮೂರೂ ಹೆಸರು ಒಬ್ಬರದೇ ಎಂದು ಪ್ರಮಾಣಪತ್ರ ಮಾಡಿಸಮ್ಮ, ಹೆದರಬೇಡ" ಎಂದು ಅವರು ಹೇಳಿದ್ದು ಎಲ್ಲಿ, ಯಾರ ಬಳಿ ಎಂಬ ವಿವರದೊಂದಿಗೆ. ಚಹಾ ಕೊಡಿಸುತ್ತೇನೆಂದರೂ ಬರಲಿಲ್ಲ.

ಅಮ್ಮ ಪ್ರಜೆ ಎಂದು ತೋರಿಸುವುದೂ ನನ್ನ ಪಾಲಿಗೇ ಬಂತು. ಅಪ್ಪನ ಕಡೆ ಆರ್‌ಸಿ ಇದ್ದರೆ ಅಮ್ಮನ ಕಡೆ ಪಹಣಿ. ಅಜ್ಜನ ಹೆಸರಿನ ಪಹಣಿ, ಅಮ್ಮನ ಏಳನೇ ತರಗತಿಯ ದಾಖಲೆ, ಹಳೆಯ ಮತದಾರರ ಪಟ್ಟಿ, ಎಲ್ಲವನ್ನೂ ಹೊಂದಿಸಿ ತಂದವರು ಸೋದರಮಾವ. ಅಮ್ಮನ ಮದುವೆಗೆ ಬಾರದಿದ್ದ ಮಾವ ಇವರು. ನೋಟರಿ ಮುಂದೆ "ಇವಳು ನನ್ನ ತಂಗಿಯ ಮಗಳು" ಎಂದು ಸಹಿ ಹಾಕಿ, ನನಗೆ ಒಂದು ಮಾತೂ ಹೇಳದೆ, ಹೊಗೆಸೊಪ್ಪಿನ ಬೆಳೆಗೆ ಗೊಬ್ಬರ ತರಲು ಹೋದರು.

ಇಷ್ಟು ಹೇಳಿ ನಿಲ್ಲಿಸಿದರೆ ಮೋಲಾ ನನ್ನನ್ನು ಬಿಡುವುದಿಲ್ಲ. ಮೋಲಾ ಎಂದರೆ ಅಪ್ಪನ ಅಮ್ಮ, ಈಗಿಲ್ಲ. 1959ರಲ್ಲಿ ದಲೈ ಲಾಮಾ ಅವರ ಹಿಂದೆ ಗಡಿ ದಾಟಿದ ಸುಮಾರು 80,000 ಜನರಲ್ಲಿ ಅವರೂ ಒಬ್ಬರು. ಮೊದಲು ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆದು, ಆಮೇಲೆ ದೊಡ್ಡ ಅತ್ತೆಯನ್ನು ಬೆನ್ನಿಗೆ ಕಟ್ಟಿಕೊಂಡು ಬೈಲಕುಪ್ಪೆಗೆ ಬಂದರು. ಆಗಿನ ಮೈಸೂರು ರಾಜ್ಯ ಕೊಟ್ಟ 3,000 ಎಕರೆ ಅಂದು ಕಾಡು. ರಾತ್ರಿ ಆನೆ ಬಂದರೆ ಡಬ್ಬ ಬಡಿಯುವುದು, ಬೆಳಗಾದರೆ ಮರ ಕಡಿಯುವುದು. ಚಳಿ ನಾಡಿನ ಜನರಿಗೆ ಇಲ್ಲಿಯ ಸೆಖೆಯೇ ದೊಡ್ಡ ಕಾಯಿಲೆ. ಎಸ್. ನಿಜಲಿಂಗಪ್ಪನವರ ಹೆಸರನ್ನು ಮೋಲಾ ದೇವರ ಹೆಸರಿನ ಜೊತೆಗೇ ಹೇಳುತ್ತಿದ್ದರು. ಆ ನಮಸ್ಕಾರವನ್ನು ಅವರ ಪರವಾಗಿ ಇಲ್ಲಿ ಸಲ್ಲಿಸುತ್ತಿದ್ದೇನೆ.

ಹಾಗೆಯೇ ಮೈರಾಡ ಸಂಸ್ಥೆಗೂ. ಇಂದು ಆ ಹೆಸರು ಕೇಳಿದರೆ ಹಳ್ಳಿಗಳಲ್ಲಿ ಮಹಿಳೆಯರ ಸ್ವಸಹಾಯ ಸಂಘ ನೆನಪಾಗುತ್ತದೆ. ಆದರೆ ಅದು 1968ರಲ್ಲಿ ಹುಟ್ಟಿದ್ದೇ ಟಿಬೆಟಿಯನ್ನರಿಗೆ ನೆಲೆ ಕಲ್ಪಿಸುವ ಕೆಲಸದಲ್ಲಿ ಸರ್ಕಾರಕ್ಕೆ ಹೆಗಲು ಕೊಡಲು. ಮುಂದೆ ಅಮ್ಮ ತನ್ನ ಊರಿನ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ನನ್ನ ನರ್ಸಿಂಗ್ ಕಾಲೇಜಿನ ಮೊದಲ ಕಂತು ಕಟ್ಟಿದಳು. ಅಪ್ಪನವರಿಗೆ ನೆಲೆ ಹುಡುಕಿದವರು ಬೆಳೆಸಿದ ಪದ್ಧತಿಯೇ ಅಮ್ಮನ ಕೈಗೂ ಹಣ ಕೊಟ್ಟಿತು ಎಂಬುದು ನನಗೆ ಹೊಳೆದದ್ದು ತೀರಾ ಈಚೆಗೆ.

ಇನ್ನು ಅಪ್ಪ. ನನ್ನ ಅರ್ಜಿಯ ಪ್ರತಿ ಹಾಳೆಯನ್ನೂ ಚಳಿಗಾಲದ ಸ್ವೆಟರ್ ವ್ಯಾಪಾರದ ಲೆಕ್ಕದಷ್ಟೇ ಜೋಪಾನವಾಗಿ ಜೋಡಿಸಿಟ್ಟವರು. ತಾವು ಮಾತ್ರ ಅರ್ಜಿ ಹಾಕುವುದಿಲ್ಲ. 2017ರಲ್ಲಿ ಪಾಸ್‌ಪೋರ್ಟ್ ಬೇಕೆನ್ನುವ ಟಿಬೆಟಿಯನ್ನರಿಗೆ ಷರತ್ತು ಬಂತು: ಆರ್‌ಸಿ ಹಿಂದಿರುಗಿಸಬೇಕು, ಕ್ಯಾಂಪಿನಲ್ಲಿ ವಾಸಿಸಬಾರದು, ನಿರಾಶ್ರಿತರ ಸವಲತ್ತು ಬಿಡಬೇಕು. ಹುಟ್ಟಿನಿಂದ ಬಂದದ್ದು ಎಂದು ಕೋರ್ಟು ಹೇಳಿದ ಹಕ್ಕಿಗೆ ಮನೆ ಬಿಡುವ ಷರತ್ತು ಏಕೆ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ. ನಾವು ಕುಶಾಲನಗರದ ಬಾಡಿಗೆ ಮನೆಯಲ್ಲಿರುವುದರಿಂದ ನನಗೆ ಅದು ಅಡ್ಡ ಬರಲಿಲ್ಲ. ಅಪ್ಪನಿಗೆ ಕ್ಯಾಂಪಿನಲ್ಲಿ ಮೋಲಾ ಕಟ್ಟಿದ ಮನೆಯಿದೆ. ಅದಕ್ಕಿಂತ ಮಿಗಿಲಾಗಿ, ತಾವು ಊರಿಗೆ ಮರಳಬೇಕಾದವರು ಎಂಬ ಭಾವನೆಯಿದೆ. ಆ ಊರನ್ನು ಅವರು ಕಂಡೇ ಇಲ್ಲ. ವಾದ ಮಾಡುವುದನ್ನು ನಾನು ಬಿಟ್ಟಿದ್ದೇನೆ. ಮಗಳ ಕಾಗದಕ್ಕೆ ಓಡಾಡಿದ್ದಕ್ಕೆ, ತಮ್ಮ ಕಾಗದವನ್ನು ಹಾಗೆಯೇ ಇಟ್ಟುಕೊಂಡದ್ದಕ್ಕೆ, ಎರಡಕ್ಕೂ ಅವರ ಮೇಲೆ ಗೌರವವಿದೆ.

ದೊಡ್ಡ ಅತ್ತೆಯ ಮಕ್ಕಳ ವಿಷಯ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅತ್ತೆ, ಮಾವ ಇಬ್ಬರೂ ಟಿಬೆಟ್‌ನಲ್ಲಿ ಹುಟ್ಟಿದವರು. ಹಿರಿಯವನು 1986ರಲ್ಲಿ ಹುಟ್ಟಿದ, ಕಾನೂನಿನಂತೆ ಭಾರತೀಯ. ಕಿರಿಯವಳು 1989ರಲ್ಲಿ ಹುಟ್ಟಿದಳು, ಅಲ್ಲ. ಒಂದೇ ಹೊಲದಲ್ಲಿ ಮುಸುಕಿನ ಜೋಳ ಮುರಿದು ಬೆಳೆದ ಅಣ್ಣ ತಂಗಿ. ನನ್ನ ಪಾಸ್‌ಪೋರ್ಟನ್ನು ಮೊದಲು ಬಿಡಿಸಿ ನೋಡಿ, ಫೋಟೊ ಚೆನ್ನಾಗಿಲ್ಲ ಎಂದು ನಕ್ಕವಳು ಆ ತಂಗಿ. ನಿನಗೂ ಕೃತಜ್ಞಳು ಕಣೇ.

ಕೊನೆಯದಾಗಿ, ನನ್ನಂತೆಯೇ ಒಬ್ಬರು ಇಲ್ಲಿಯವರು, ಒಬ್ಬರು ಕ್ಯಾಂಪಿನವರು ಎಂಬ ಮನೆಗಳಲ್ಲಿ ಹುಟ್ಟಿದವರು ಸುತ್ತಮುತ್ತ ಇನ್ನೂ ಇದ್ದೀರಿ. ಈ ಮಳೆಗಾಲಕ್ಕೆ ಮೊದಲೇ ನಿಮ್ಮ ಜನನ ನೋಂದಣಿಯ ಪ್ರತಿ ತೆಗೆಸಿಟ್ಟುಕೊಳ್ಳಿ. ಹೆತ್ತವರ ಶಾಲಾ ದಾಖಲೆ ಹುಡುಕಿಸಿ. ಹೆಸರಿನ ಕಾಗುಣಿತ ಬೇರೆ ಬೇರೆ ಇದ್ದರೆ ಪ್ರಮಾಣಪತ್ರ ಈಗಲೇ ಮಾಡಿಸಿ. ತೀರ್ಪುಗಳ ಪ್ರತಿ ನನ್ನ ಬಳಿ ಇವೆ. ಜೆರಾಕ್ಸ್ ಖರ್ಚು ನನ್ನದೇ.