ಬಂದರಿನ ಬೇಲಿ ಎಲ್ಲಿರಬೇಕು?

ಮಾನ್ಯರೇ,

ಕಾರ್ಯನಿರತ ಬಂದರಿನ ಒಂದು ಭಾಗವನ್ನಾದರೂ ಪಕ್ಕದ ಊರಿನವರಿಗೆ ತೆರೆಯಿರಿ ಎಂಬ ಬೇಡಿಕೆಗೆ ‘ಭದ್ರತಾ ನಿಯಮ ಒಪ್ಪುವುದಿಲ್ಲ’ ಎಂಬ ಸಿದ್ಧ ಉತ್ತರ ಸರಿಯಲ್ಲ. ಹಡಗು ಮತ್ತು ಬಂದರುಗಳ ಭದ್ರತೆಗಾಗಿ 2004ರ ಜುಲೈ 1ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಯಮಾವಳಿಯಾದ ಐಎಸ್‌ಪಿಎಸ್ ಸಂಹಿತೆಯ ಮುಖ್ಯ ಕಾಳಜಿ ಹಡಗು ಮತ್ತು ದಕ್ಕೆ ಸಂಧಿಸುವ ಜಾಗ. ಬಂದರಿನ ಒಡೆತನದ ಪ್ರತಿ ರಸ್ತೆ, ಖಾಲಿ ಗೋದಾಮು, ಹಳೆಯ ಅಲೆತಡೆಗೋಡೆಗೂ ಬೀಗ ಜಡಿಯಿರಿ ಎಂದು ಅದು ಹೇಳಿಲ್ಲ. ನಿರ್ಬಂಧಿತ ವಲಯದ ಗಡಿಯನ್ನು ಗುರುತಿಸುವುದು ಆಯಾ ಬಂದರಿನ ಭದ್ರತಾ ಯೋಜನೆ. ಅಪಾಯವನ್ನು ಮರುಪರಿಶೀಲಿಸಿ, ಅನುಮೋದನೆ ಪಡೆದು ಅದನ್ನು ಬದಲಿಸಬಹುದು.

ಹಾಗೆಂದು ಗೇಟು ತೆಗೆದು ಜನರನ್ನು ಒಳಬಿಟ್ಟರೆ ಆಗದು. ಹಡಗು ಕಟ್ಟಿದ ಹಗ್ಗ ಬಿಗಿತಕ್ಕೆ ತುಂಡಾದರೆ ಹಿಮ್ಮರಳಿ ಬಡಿಯುವ ರಭಸಕ್ಕೆ ಪ್ರಾಣವೇ ಹೋಗಬಹುದು. ಕಂಟೇನರ್ ಎತ್ತಿಕೊಂಡು ಸಾಗುವ ರೀಚ್ ಸ್ಟ್ಯಾಕರ್‌ನ ಚಾಲಕನಿಗೆ ಆ ಪೆಟ್ಟಿಗೆಯೇ ಅಡ್ಡವಾಗಿ ಮುಂದಿನ ಪಾದಚಾರಿ ಕಾಣುವುದಿಲ್ಲ. ಇಂಥಲ್ಲಿ ನೆಲಕ್ಕೆ ಹಳದಿ ಪಟ್ಟೆ ಬಳಿದು ಕಾಲುದಾರಿ ಎನ್ನುವುದು ಬರೀ ತೋರಿಕೆ.

ಆದ್ದರಿಂದ ಬೇಲಿಯನ್ನು ಸರಕು ಇಳಿಸುವ ಜಾಗದ ಅಂಚಿಗೆ ಸರಿಸಿ, ಲಾರಿಗಳ ದಾರಿಯನ್ನು ಎಲ್ಲೂ ದಾಟದ ಪ್ರತ್ಯೇಕ ಪ್ರವೇಶ ಮತ್ತು ಎತ್ತರದ ವೀಕ್ಷಣಾ ಕಟ್ಟೆ ಒದಗಿಸಬೇಕು. ಭದ್ರತಾ ಮಟ್ಟ 1ರಿಂದ (ಸಾಮಾನ್ಯ ಸ್ಥಿತಿ) 2ಕ್ಕೆ (ಹೆಚ್ಚಿದ ಅಪಾಯ) ಏರಿದಾಗ ಆ ಪ್ರವೇಶವನ್ನು ಮುಚ್ಚುವವರು ಯಾರು, ಒಳಗಿದ್ದವರನ್ನು ಹೊರಗೆ ಕಳುಹಿಸುವುದು ಹೇಗೆ ಎಂಬುದು ಯೋಜನೆಯಲ್ಲೇ ಬರೆದಿರಲಿ.

– ಒಬ್ಬ ಓದುಗ