ಪಂಪ್‌ಶೆಡ್ಡಿನಲ್ಲಿ ಬಾಣಂತನ

ಗೆಳೆಯಾ,

ಹೈಸ್ಕೂಲಿನ ದಿನಗಳಲ್ಲಿ, ಒಂದು ಮಳೆಗಾಲ, ನಮ್ಮ ಮನೆಯಲ್ಲಿ ಉಳಿದಿದ್ದಾಗ ನಸುಕಿನಲ್ಲೇ ಅಜ್ಜಿಯಿಂದ ಬೈಸಿಕೊಂಡದ್ದು ನೆನಪಿದೆಯೇ? ‘ಮುಖ ತೊಳೆಯುವ ಮೊದಲೇ ಅದೇನು ಸಿಳ್ಳೆ!’ ಸಿಳ್ಳೆ ಹೊಡೆದದ್ದು ನೀನಲ್ಲ, ಹಳ್ಳದ ಮಲಬಾರ್ ವಿಸ್ಲಿಂಗ್ ಥ್ರಶ್. ರಾಗ ಹಿಡಿದು ಅರ್ಧಕ್ಕೇ ಮರೆಯುವ ಈ ಹಕ್ಕಿಗೆ ಇಂಗ್ಲಿಷಿನವರು ‘ಸಿಳ್ಳೆ ಹೊಡೆಯುವ ಶಾಲಾಹುಡುಗ’ ಎಂದೇ ಅಡ್ಡಹೆಸರಿಟ್ಟಿದ್ದಾರೆ. ಅಜ್ಜಿಯದೇನೂ ತಪ್ಪಿಲ್ಲ.

ಈ ವರ್ಷ ಅದು ಸಂಸಾರ ಹೂಡಿದ್ದು ನಮ್ಮ ಪಂಪ್‌ಶೆಡ್ಡಿನಲ್ಲಿ. ಸಾಮಾನ್ಯವಾಗಿ ಹಳ್ಳದ ದರೆಯ ಪೊಟರೆಯಲ್ಲಿ ಗೂಡು ಕಟ್ಟುತ್ತದೆ. ಒಮ್ಮೊಮ್ಮೆ ಮನೆಗಳೊಳಗೂ ನುಗ್ಗುವುದುಂಟು. ಮಳೆಗಾಲದಲ್ಲಿ ತೋಟಕ್ಕೆ ನೀರು ಬಿಡುವ ಗೊಡವೆಯಿಲ್ಲ, ಶೆಡ್ಡಿಗೆ ಬೀಗ, ಕಿಂಡಿಯೊಂದು ತೆರೆದಿತ್ತು. ಕಾಯಿ ಕೊಳೆಯುವ ಕೊಳೆರೋಗ ಬಾರದಿರಲೆಂದು ಅಡಿಕೆಗೆ ಎರಡನೆಯ ಸಲ ಬೋರ್ಡೋ ದ್ರಾವಣ ಹೊಡೆಯಬೇಕೆಂದು ಡ್ರಮ್ ತರಲು ಹೋದರೆ, ಕವುಚಿ ಹಾಕಿದ್ದ ಅದರ ಬೆನ್ನ ಮೇಲೇ ಗೂಡು! ಬೇರು, ಪಾಚಿ, ಕೆಸರು ಸೇರಿಸಿ ಕಟ್ಟಿದ ಬಟ್ಟಲು. ಒಳಗೆ 3 ಮೊಟ್ಟೆ: ನಸುಗೆಂಪು, ಮೇಲೆಲ್ಲ ಚುಕ್ಕೆ.

ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬಂದು ಅಂಗಳದಲ್ಲಿ ನಿಂತಿದ್ದಾನೆ, ದ್ರಾವಣಕ್ಕೆ ಬೇಕಾದ ಮೈಲುತುತ್ತು ನೆನೆಹಾಕಿ ಆಗಿದೆ. ಕೊಳೆರೋಗ ಕಾಯುತ್ತದೆಯೇ? ಗೂಡನ್ನು ಎತ್ತಿ ಪಕ್ಕಕ್ಕಿಡೋಣವೆಂದು ಕೈ ಚಾಚಿದೆ, ನಿಜ ಹೇಳುತ್ತೇನೆ. ಧೈರ್ಯ ಬರಲಿಲ್ಲ. ಪಕ್ಕದ ತೋಟದವರ ಡ್ರಮ್ ಕೇಳಿ ತಂದೆ. ಕಾರಣ ಕೇಳಿ ಅವರು ನಕ್ಕದ್ದು ಇನ್ನೂ ನಿಂತಿಲ್ಲ.

ಗಂಡು ಹೆಣ್ಣು ನೋಡಲು ಒಂದೇ ತರಹ. ನೆರಳಲ್ಲಿ ಕಾಗೆಗಪ್ಪು, ಬೆಳಕಿಗೆ ತಿರುಗಿದರೆ ಹಣೆ ಮತ್ತು ಹೆಗಲಲ್ಲಿ ನೀಲಿ ಹೊಳಪು. ಕಾವಿಗೆ ಇಬ್ಬರೂ ಸರದಿಯಲ್ಲಿ ಕೂರುವುದರಿಂದ ಬಾಣಂತಿ ಯಾರೆಂದು ಕೊನೆಯವರೆಗೂ ತಿಳಿಯಲಿಲ್ಲ. 16-17 ದಿನಕ್ಕೆ ಮರಿಯಾಗುತ್ತದೆಂದು ಓದಿದ್ದೆ. ಅಷ್ಟು ದಿನವೂ ಕಿಂಡಿಯಿಂದಷ್ಟೇ ಇಣುಕಿದೆ.

ಮರಿಯಾದ ಮೇಲೆ ಅವಕ್ಕೆ ಪುರುಸೊತ್ತೇ ಇರಲಿಲ್ಲ. ಹಳ್ಳದ ಏಡಿಯೊಂದನ್ನು ಬಂಡೆಗೆ ಬಡಿದು, ಕಾಲು ಉದುರಿಸಿ, ತಿರುಗಿಸಿ ಮತ್ತೆ ಬಡಿದು ತಂದದ್ದನ್ನು ಕೊಡೆ ಹಿಡಿದು ನಿಂತು ನೋಡಿದೆ. ಮಳೆಗಾಲದಲ್ಲೇ ಇವು ಸಂಸಾರ ಹೂಡುವುದೇಕೆಂದು ಆಗ ಹೊಳೆಯಿತು. ಏಡಿ, ಕಪ್ಪೆ, ಎರೆಹುಳು, ಎಲ್ಲ ಬಾಗಿಲಲ್ಲೇ.

ಮೊನ್ನೆ ಮರಿಗಳು ಹೊರಟವು. ಹಣೆಯ ನೀಲಿ ಇನ್ನೂ ಮೂಡಿಲ್ಲ, ಮಸಿ ಮೆತ್ತಿದಂತಿವೆ. ಡ್ರಮ್ಮಿನ ಸುತ್ತ ಏಡಿಕಾಲುಗಳ ರಾಶಿ. ತೊಳೆದುಕೊಡಿ ಎಂದು ಹೆಂಡತಿ ದಿನಾ ಹೇಳುತ್ತಾಳೆ. ನಾನು ಪಕ್ಕದ ತೋಟದವರ ಡ್ರಮ್ಮನ್ನೂ ಇನ್ನೂ ಹಿಂದಿರುಗಿಸಿಲ್ಲ.

ಇಂತು ನಿನ್ನ,
ಹಳೆಯ ಬೆಂಚಿನ ಗೆಳೆಯ